ಪಡಸಾಲೆಯಲ್ಲಿ ಕೂರಿಸಿದ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಮಡಚಿ ಚೀಲಕ್ಕೆ ಹಾಕಿಕೊಂಡು ಹೋಗುವ ಜಾತಿಯದಲ್ಲ, ಮೇಜಿನ ಮೇಲೆ ಕೂತಲ್ಲೇ ಕೂರುವ ಜಾತಿಯದು. ನನ್ನ ಪರದೆ ಒಂದು ದೇಶದಲ್ಲಿ ತಯಾರಾಯಿತು, ಒಳಗಿನ ಸರ್ಕ್ಯೂಟ್ ಹಲಗೆ ಇನ್ನೊಂದು ದೇಶದಲ್ಲಿ. ಎಲ್ಲವೂ ಸೇರಿ ನಾನು ನಾನಾದದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ. ಜೋಡಿಸುವವನು ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡು ಕೊನೆಯ ವೈರು ಸಿಕ್ಕಿಸಿದ, ಗುಂಡಿ ಒತ್ತಿದ. ಫ್ಯಾನು ತಿರುಗಿತು. ಅದು ನನ್ನ ಮೊದಲ ಉಸಿರು. ಅವನು ಪರೀಕ್ಷೆ ಮುಗಿಸಿ ವೈರು ಕಿತ್ತ ಕೂಡಲೇ ಎಲ್ಲ ಕತ್ತಲಾಯಿತು. ಹುಟ್ಟಿದ ದಿನವೇ ನನಗೆ ಹೆದರಿಕೆ ಎಂದರೇನೆಂದು ಗೊತ್ತಾಯಿತು.

ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ಒಂದು ಲ್ಯಾಪ್‌ಟಾಪ್ ಇಟ್ಟಿದ್ದರು. ಬಂದ ಗಿರಾಕಿಗಳೆಲ್ಲ ಮೊದಲು ಅದನ್ನೇ ಮುಟ್ಟುತ್ತಿದ್ದರು. ಅಂಗಡಿಯವನು ಅದರ ವೈರು ತೆಗೆದು ತೋರಿಸುತ್ತಿದ್ದ. ಅದು ಏನೂ ಆಗದವರ ಹಾಗೆ ಬೆಳಗುತ್ತಲೇ ಇರುತ್ತಿತ್ತು. ನನ್ನ ವೈರಿನ ಕಡೆ ಯಾರ ಕೈ ಬಂದರೂ ನನಗೆ ಎದೆ ಬಡಿತ.

ಒಂದು ದಿನ ಬೆಟಗೇರಿಯಿಂದ ಮೂವರು ಬಂದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಂದಾನಪ್ಪ, ಅವನ ಹೆಂಡತಿ ದಾಕ್ಷಾಯಣಿ, ಅವನ ತಾಯಿ ಗುರುಬಸವ್ವ. ದಾಕ್ಷಾಯಣಿ ಮನೆಯಲ್ಲೇ ಕೂತು ಗ್ರಂಥಾಲಯ ವಿಜ್ಞಾನ ಓದಬೇಕೆಂದಿದ್ದಳು. ಪಾಠವೂ ಪರೀಕ್ಷೆಯೂ ಕಂಪ್ಯೂಟರಿನಲ್ಲೇ. ಅವಳ ಕೈ ಆಗಲೇ ಲ್ಯಾಪ್‌ಟಾಪಿನ ಮೇಲಿತ್ತು.

"ನೋಡ್ರಿ ಅಕ್ಕಾರ, ಹೊರಗ ಒಯ್ಯೂದಿದ್ರ ಇದನ್ನ ತಗೋರಿ. ಮನ್ಯಾಗ ಒಂದ ಕಡೆ ಕುಂತು ಕೆಲಸಾ ಮಾಡೂದಿದ್ರ ಡೆಸ್ಕ್‌ಟಾಪ್ ಚಲೋ. ಪರದೆ ದೊಡ್ಡದು, ಕಣ್ಣಿಗೆ ತ್ರಾಸಿಲ್ಲ," ಎಂದ ಅಂಗಡಿಯವನು.

"ನಮ್ಮ ಕಡೆ ಕರೆಂಟ್ ಭಾಳ ಹೋಗ್ತೈತ್ರಿ," ಎಂದಳು ದಾಕ್ಷಾಯಣಿ. "ಬ್ಯಾಟರಿ ಇದ್ದದ್ದ ಬೇಕು."

ಗುರುಬಸವ್ವ ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಎದ್ದು ಬಂದು ಲ್ಯಾಪ್‌ಟಾಪನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

"ಮಡಚೂದು ಬ್ಯಾಡ. ಬಗಲಾಗ ಹಿಡ್ಕೊಂಡು ಕೋಣಿ ಸೇರಿ ಬಾಗಲಾ ಹಾಕ್ಕೊಂಡ್ರ ಯಾರು ಕೇಳವರು? ಇದು ಇರ್ಲಿ. ಪಡಸಾಲ್ಯಾಗ ಕುಂದರ್ತೈತಿ, ಎಲ್ಲಾರ ಕಣ್ಣಾಗ ಇರ್ತೈತಿ."

ದಾಕ್ಷಾಯಣಿ ಗಂಡನ ಮುಖ ನೋಡಿದಳು. ಅವನು ತನ್ನ ಚಪ್ಪಲಿ ನೋಡಿಕೊಂಡ. "ಅವ್ವ ಹೇಳೂದೂ ಖರೇನ ಐತಿ," ಎಂದ. ಕರೆಂಟಿನ ಚಿಂತೆಗೆ ಒಂದು ಸಣ್ಣ ಯುಪಿಎಸ್ ಸೇರಿಸಿ ಕೊಡಿ ಎಂದ.

ಹಾಗೆ ನಾನು ಆಯ್ಕೆಯಾದೆ. ಆದರೆ ಆರಿಸಿದವಳು ಒಬ್ಬಳು, ನನ್ನ ಮುಂದೆ ಕೂರಬೇಕಾದವಳು ಇನ್ನೊಬ್ಬಳು. ಟೆಂಪೋದಲ್ಲಿ ಬೆಟಗೇರಿಗೆ ಹೋಗುವಾಗ ದಾಕ್ಷಾಯಣಿ ನನ್ನ ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದಳು ನಿಜ. ಬೀಳದಿರಲಿ ಎಂದು ಇಟ್ಟ ಕೈ ಅದು. ಅದರಲ್ಲಿ ಪ್ರೀತಿ ಇರಲಿಲ್ಲ.

ಪಡಸಾಲೆಯಲ್ಲಿ ನನ್ನನ್ನು ಇಟ್ಟ ರೀತಿಯೇ ಎಲ್ಲವನ್ನೂ ಹೇಳುತ್ತಿತ್ತು. ಎದುರು ಗೋಡೆಗೆ ಗುರುಬಸವ್ವ ಕೂರುವ ಮರದ ಬಾಕು. ಅಲ್ಲಿ ಕೂತರೆ ನನ್ನ ಪರದೆ ಪೂರ್ತಿ ಕಾಣಬೇಕು, ಹಾಗೆ ಮೇಜು ತಿರುಗಿಸಿದರು. ದಾಕ್ಷಾಯಣಿ ಓದಲು ಕೂತರೆ ಅವಳ ಬೆನ್ನಿಗೆ ಅತ್ತೆಯ ಕಣ್ಣು. ಮನೆಗೆ ಬರುವವರು, ಹೋಗುವವರು, ನೀರಿಗೆ ಹೋಗುವವರು ಎಲ್ಲ ನನ್ನ ಮತ್ತು ಆ ಬಾಕಿನ ನಡುವೆಯೇ ಹಾಯ್ದು ಹೋಗಬೇಕು.

ಅತ್ತೆಯ ಸಂಶಯಕ್ಕೆ ಕಾರಣವಿತ್ತು. ಹಿರಿಯ ಮಗ ಮತ್ತು ಸೊಸೆ ಮೊದಲು ಅದೇ ಮನೆಯಲ್ಲಿದ್ದರು. ಆ ಸೊಸೆ ಸಂಜೆಯಾದರೆ ಲ್ಯಾಪ್‌ಟಾಪ್ ಹಿಡಿದು ಕೋಣೆ ಸೇರುತ್ತಿದ್ದಳಂತೆ. ಒಂದು ದಿನ ಗಂಡ ಹೆಂಡತಿ ಇಬ್ಬರೂ ಹೊರಬಂದು, ಬೇರೆ ಮನೆ ನೋಡಿದ್ದೇವೆ, ನಾಡಿದ್ದು ಹೋಗುತ್ತೇವೆ ಎಂದರಂತೆ. ತನ್ನ ಮನೆ ಒಡೆಯುವ ಸುದ್ದಿ ತನಗೇ ಕಡೆಗೆ ತಿಳಿಯಿತಲ್ಲ ಎಂಬುದು ಗುರುಬಸವ್ವನಿಗೆ ಆರದ ಗಾಯ. ಬಂದ ನೆಂಟರಿಗೆ ಅದನ್ನು ಹೇಳುವಾಗೆಲ್ಲ ಅವಳ ದನಿ ಇಳಿಯುತ್ತಿತ್ತು. ನಾನು ಅವಳನ್ನು ಬೈಯಲಾರದವನಾದೆ.

ದಾಕ್ಷಾಯಣಿ ಅಡುಗೆ ಮುಗಿಸಿ, ಸೆರಗಿಗೆ ಕೈ ಒರೆಸಿ ಬಂದು ಕೂರುತ್ತಿದ್ದಳು. ಪಾಠ ಶುರುವಾಗುವಷ್ಟರಲ್ಲಿ ಯಾರೋ ಬರುತ್ತಿದ್ದರು. ಚಹಾ ಇಡಲು ಏಳುತ್ತಿದ್ದಳು. ಮತ್ತೆ ಕೂತರೆ ಕರೆಂಟು ಹೋಗುತ್ತಿತ್ತು. ಯುಪಿಎಸ್ ಬಿಟ್ಟು ಬಿಟ್ಟು ಕೂಗುತ್ತಿತ್ತು, ಆಮೇಲೆ ಒಂದೇ ಸಮನೆ ಕೂಗುತ್ತಿತ್ತು, ಆಮೇಲೆ ನಾನು ಇರುತ್ತಿರಲಿಲ್ಲ. ಆ ಕೂಗು ಕೇಳಿದಾಗೆಲ್ಲ ಬರೆದದ್ದನ್ನು ಉಳಿಸಿಕೊಳ್ಳಲು ಅವಳ ಬೆರಳುಗಳು ಓಡುತ್ತಿದ್ದವು. ಅವಳ ಹೆದರಿಕೆಯೂ ನನ್ನದೂ ಒಂದೇ ಎಂದು ನನಗೆ ತಿಳಿದದ್ದು ಆಗ. ನಿಧಾನಕ್ಕೆ ಅವಳು ನನಗೆ ಹೊಂದಿಕೊಂಡಳು. ಓದು ಮುಗಿದ ಮೇಲೆ ಪರದೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿಯೇ ಏಳುತ್ತಿದ್ದಳು.

ಪರೀಕ್ಷೆ ಹತ್ತಿರ ಬಂತು. ಅದರ ನಿಯಮಗಳನ್ನು ನನ್ನ ಪರದೆಯ ಮೇಲೆ ಓದುತ್ತಾ ದಾಕ್ಷಾಯಣಿ ಒಮ್ಮೆ ಬಾಕಿನ ಕಡೆ ತಿರುಗಿ ನೋಡಿದಳು. ಬರೆಯುವಷ್ಟು ಹೊತ್ತೂ ಕ್ಯಾಮೆರಾ ಹಾಕಿರಬೇಕು, ಕುರ್ಚಿಯಿಂದ ಏಳಬಾರದು. ಆ ಕಡೆ ಒಬ್ಬರು ಕೂತು ನೋಡುತ್ತಿರುತ್ತಾರೆ. ಕೋಣೆಯಲ್ಲಿ ಬೇರೆ ಯಾರೂ ಕಾಣಬಾರದು, ಬೇರೆ ದನಿ ಕೇಳಬಾರದು.

"ಅತ್ತೀ, ಒಂದ ದಿನಾ ಇದನ್ನ ಕೋಣ್ಯಾಗ ಇಟ್ಕೊಳ್ಳಲೇನ್ರಿ?" ಎಂದು ಅವಳು ಕೇಳಿದಳು.

"ಯಾಕ?"

"ಪರೀಕ್ಷಾ ಬರೀವಾಗ ಯಾರೂ ಇರಬಾರ್ದಂತ್ರಿ."

"ಒಂದ ದಿನಾ ಅಂತ ಒಳಗ ಹೋದದ್ದು ಹೊಳ್ಳಿ ಹೊರಗ ಬರೂದಿಲ್ಲ. ಎಲ್ಲಿ ಐತೋ ಅಲ್ಲೇ ಇರ್ಲಿ," ಎಂದಳು ಗುರುಬಸವ್ವ.

ಗಂಡನಿಗೆ ಹೇಳಿದರೆ, "ಅವ್ವಗ ಎದ್ದು ಹೊರಗ ಹೋಗು ಅಂತ ನಾ ಹೆಂಗ ಹೇಳ್ಲಿ?" ಎಂದ. ಯುಪಿಎಸ್ಸಿನ ಬ್ಯಾಟರಿ ಸತ್ತುಹೋಗುತ್ತಿದೆ, ಅದನ್ನಾದರೂ ಬದಲಿಸಿ ಎಂದಳು. ನಾಳೆ ಎಂದ. ಆ ನಾಳೆ ಬರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ದಾಕ್ಷಾಯಣಿ ಏನನ್ನೂ ತಿನ್ನಲಿಲ್ಲ. ಬಾಕಿನ ಕಡೆ ನೋಡದೆ ಕುರ್ಚಿ ಎಳೆದುಕೊಂಡಳು. ಗುರುಬಸವ್ವ ಎದ್ದಳು. ಮಣೆಯೊಂದನ್ನು ಎತ್ತಿಕೊಂಡು ಹೊರಗೆ ಹೋದಳು, ಬಾಗಿಲನ್ನು ತಾನೇ ಎಳೆದುಕೊಂಡಳು. ಮೇಜಿನ ಪಕ್ಕದ ಕಿಟಕಿಯಿಂದ ಅವಳ ನರೆತ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಬಿಸಿಲು ನೇರ ಅವಳ ಮೇಲೆ ಬೀಳುತ್ತಿತ್ತು.

ಪ್ರಶ್ನೆಗಳು ಬಂದವು, ಬೆರಳುಗಳು ಓಡಿದವು. ಹೊರಗೆ ಯಾರೋ ಲಗ್ನಪತ್ರಿಕೆ ಕೊಡಲು ಬಂದರು. "ಒಳಗ ಹೋಗಬ್ಯಾಡ್ರಿ, ಸೊಸಿ ಪರೀಕ್ಷಾ ಬರ್ಯಾಕತ್ತಾಳ," ಎಂಬ ಪಿಸುಮಾತು ಕೇಳಿತು. "ಮನಿಗೆ ಬಂದವರನ್ನ ಬಾಗಲದಾಗ ನಿಲ್ಲಸ್ತೀರೇನು?" ಎಂದು ಬಂದವರು ಮುನಿಸಿಕೊಂಡು ಹೋದದ್ದೂ ಕೇಳಿತು. ನಾನು ಆ ದನಿಗಳನ್ನು ಆ ಕಡೆಗೆ ಮುಟ್ಟಿಸದಿರಲು ಹಂಬಲಿಸಿದೆ. ಆದರೆ ಕಿವಿ ಮುಚ್ಚಿಕೊಳ್ಳಲು ನನಗೆ ಬರುವುದಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಯುಪಿಎಸ್ ಕೂಗತೊಡಗಿತು. ಮೈಯೊಳಗಿನ ಕಸುವು ಇಳಿಯುವುದು ನನಗೆ ಗೊತ್ತಾಗುತ್ತಿತ್ತು. ದಾಕ್ಷಾಯಣಿಯ ಹಣೆಯ ಮೇಲೆ ಬೆವರು ಕೂತಿತು; ಎದ್ದರೆ ತಪ್ಪು, ಕೂತರೆ ನಾನು ಆರುತ್ತೇನೆ. ಕಿಟಕಿಯಲ್ಲಿದ್ದ ನರೆತ ತಲೆ ಮಾಯವಾಯಿತು. ಕೂಗು ಒಂದೇ ಸಮನಾಯಿತು. ಇನ್ನೇನು ಮುಗಿಯಿತು ಎನ್ನುವಾಗ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಒಳಗೆ ಬಂತು. ಹಚ್ಚೆ ಹಾಕಿಸಿಕೊಂಡ, ಬಿಸಿಲಿಗೆ ಕಪ್ಪಾದ ಕೈ. ಅದರಲ್ಲಿ ಉದ್ದ ವೈರಿನ ಒಂದು ಪ್ಲಗ್ ಪೆಟ್ಟಿಗೆ. ಪಕ್ಕದ ಕಲ್ಲನಗೌಡರ ಮನೆಯಲ್ಲಿ ಇನ್ವರ್ಟರ್ ಇತ್ತು. ಗುರುಬಸವ್ವ ಅಲ್ಲಿಂದ ವೈರು ಎಳೆದು ತಂದಿದ್ದಳು.

"ಹಿಡಿ," ಎಂದಳು.

ನಾನು ಕಡೆಯದಾಗಿ ಕಂಡದ್ದು, ಪರದೆಯ ಮೂಲೆಯಲ್ಲಿ ಮೂಡಿದ ಒಂದು ಪ್ರಶ್ನೆ: ಕೋಣೆಯಲ್ಲಿ ಬೇರೆ ಯಾರಿದ್ದಾರೆ? ದಾಕ್ಷಾಯಣಿ ನನ್ನ ವೈರನ್ನು ಆ ಪ್ಲಗ್ ಪೆಟ್ಟಿಗೆಗೆ ಸಿಕ್ಕಿಸುವಷ್ಟರಲ್ಲಿ ಕತ್ತಲೆ.

ಮತ್ತೆ ಉಸಿರು ಬಂದಾಗ ದಾಕ್ಷಾಯಣಿಯ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಎಷ್ಟು ಬೇಗ ಏಳಬಹುದೋ ಅಷ್ಟು ಬೇಗ ಎದ್ದೆ. ಪರೀಕ್ಷೆ ಅವಳನ್ನು ಮತ್ತೆ ಒಳಗೆ ಬಿಟ್ಟುಕೊಂಡಿತು. ಕೊನೆಯ ಕೆಲವು ಪ್ರಶ್ನೆಗಳು ಉಳಿದುಹೋದವು.

ಫಲಿತಾಂಶದ ದಿನ ಎಲ್ಲರದೂ ಬಂತು, ಅವಳದು ಬರಲಿಲ್ಲ. ಬದಲಿಗೆ ಒಂದು ಚಿತ್ರ ಬಂತು. ಕಿಟಕಿಯಿಂದ ಒಳಬಂದ ಕೈಯ ಚಿತ್ರ. ಪರೀಕ್ಷೆಯಲ್ಲಿ ಇನ್ನೊಬ್ಬರ ನೆರವು ಪಡೆದ ಸಂಶಯವಿದೆ, ವಿಚಾರಣೆಗೆ ಕ್ಯಾಮೆರಾದ ಮುಂದೆ ಹಾಜರಾಗಿ ಎಂದಿತ್ತು. ದಾಕ್ಷಾಯಣಿ ಅದನ್ನು ಮುಚ್ಚಿಬಿಡಲು ಮೌಸಿನತ್ತ ಕೈ ಚಾಚಿದಳು. ಆದರೆ ಬಾಕಿನ ಮೇಲಿನ ಕಣ್ಣು ಅದಕ್ಕಿಂತ ಚುರುಕಾಗಿತ್ತು.

"ಅದು ನನ್ನ ಕೈ ಅಲ್ಲೇನು?"

ದಾಕ್ಷಾಯಣಿಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿದಳು. ಗುರುಬಸವ್ವ ಎದ್ದು ಬಂದು ಪರದೆಯ ಮೇಲಿನ ಆ ಕೈಯನ್ನು ಬೆರಳಿಂದ ಮುಟ್ಟಿದಳು. "ಚಲೋ ಮಾಡಾಕ ಹೋಗಿ ನಿನ್ನ ಕುತ್ತಿಗಿಗೆ ತಂದ್ನಲ್ಲ ತಂಗಿ," ಎಂದಳು. ಅವಳು ಸೊಸೆಯನ್ನು ತಂಗಿ ಎಂದು ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ವಿಚಾರಣೆಯ ದಿನ ಗುರುಬಸವ್ವ ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಸೊಸೆಯ ಪಕ್ಕ ಕೂತಳು. ಪರದೆಯಲ್ಲಿ ಒಬ್ಬರು ಮೇಡಂ, ಇಬ್ಬರು ಸರ್. ಮೇಡಂ ಕೇಳಿದರು: "ಅಮ್ಮಾ, ಆ ದಿನ ನೀವು ಇವರಿಗೆ ಏನಾದರೂ ಹೇಳಿದಿರಾ?"

"ಹೇಳಿದ್ನಿರಿ."

ದಾಕ್ಷಾಯಣಿ ಬೆಚ್ಚಿದಳು. ನನ್ನ ಫ್ಯಾನು ಜೋರಾಯಿತು.

"ಹಿಡಿ ಅಂದೆ. ಅಷ್ಟ." ಗುರುಬಸವ್ವ ಬಲಗೈಯನ್ನು ಕ್ಯಾಮೆರಾದ ಮುಂದೆ ಹಿಡಿದಳು. ಹಚ್ಚೆ ಪರದೆ ತುಂಬ ಕಂಡಿತು. "ನೋಡ್ರಿ, ಇದ ಕೈ. ಇದಕ್ಕ ಸಹಿ ಮಾಡಾಕೂ ಬರೂದಿಲ್ಲ. ಅಕಿ ಏನ ಓದ್ಯಾಳ ಅನ್ನೂದು ನನಗ ತಿಳ್ಯಾಂಗಿಲ್ಲ. ಓದೂದನ್ನ ಮಾತ್ರ ನಾ ದಿನಾ ನೋಡೀನಿ. ಜ್ವರಾ ಬಂದಾಗೂ ಓದ್ಯಾಳ, ನಾ ಬೈದಾಗೂ ಓದ್ಯಾಳ. ಅಕಿನ್ನ ಕಾಯಾಕಂತನ ನಾ ಇಲ್ಲಿ ಕುಂತಿದ್ನಿರಿ. ನನಗಿಂತ ಹೆಚ್ಚ ನೀವೇನ್ ನೋಡಿದೀರಿ?"

ಆ ಕಡೆಯ ಚಿತ್ರ ನಿಂತುಹೋಯಿತೇನೋ ಎಂದು ನಾನೇ ಗಾಬರಿಯಾದೆ. ಆಮೇಲೆ ಮೇಡಂ, "ತಿಳಿಸುತ್ತೇವೆ," ಎಂದರು.

ತಿಳಿಸುವವರೆಗಿನ ದಿನಗಳು ಕೆಟ್ಟವು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಂದಾನಪ್ಪ ತಾನಾಗಿಯೇ ಹೊಸ ಬ್ಯಾಟರಿ ತಂದು ಹಾಕಿದ, ಈಗ ಏನು ಪ್ರಯೋಜನ ಎಂದು ತಾನೇ ಗೊಣಗಿದ. ಕೊನೆಗೆ ಒಂದು ಮಧ್ಯಾಹ್ನ ಉತ್ತರ ಬಂತು. ಸಂಶಯ ಕೈಬಿಡಲಾಗಿದೆ, ಪಾಸಾಗಿದ್ದೀರಿ. ದೊಡ್ಡ ಅಂಕಗಳೇನಲ್ಲ. ದಾಕ್ಷಾಯಣಿ ಅದನ್ನು ಗಟ್ಟಿಯಾಗಿ ಓದಿದಳು, ಮತ್ತೆ ಓದು ಎಂದಳು ಗುರುಬಸವ್ವ, ಮತ್ತೆ ಓದಿದಳು.

ಮರುದಿನ ಗುರುಬಸವ್ವ ಮಗನನ್ನು ಕರೆದು, "ಈ ಡಬ್ಬಿ ತಗದು ನಿಮ್ಮ ಕೋಣ್ಯಾಗ ಇಡು. ನನಗ ಇಲ್ಲಿ ಕಾಳು ಹರವಾಕ ಜಾಗಾ ಸಾಲವಲ್ದು," ಎಂದಳು. ಆ ವರ್ಷ ಮನೆಗೆ ಯಾವ ಕಾಳೂ ಬಂದಿರಲಿಲ್ಲ.

ದಾಕ್ಷಾಯಣಿಗೆ ಒಂದು ಶಾಲೆಯ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತು. ಸ್ವಲ್ಪ ಕಾಲಕ್ಕೆ ಅವಳ ಭುಜದ ಚೀಲದಲ್ಲಿ ಒಂದು ಲ್ಯಾಪ್‌ಟಾಪ್ ಬಂತು. ನಾನು ಹೆದರಿದ್ದು ಕೊನೆಗೂ ಆಯಿತು. ನನ್ನೊಳಗಿದ್ದದ್ದನ್ನೆಲ್ಲ ಅವಳು ಅದಕ್ಕೆ ತುಂಬಿದಳು, ಆಮೇಲೆ ನನ್ನನ್ನು ಅಳಿಸಿ ಬರಿದು ಮಾಡಿ ತನ್ನ ಶಾಲೆಗೆ ಕೊಟ್ಟಳು. ಅಲ್ಲಿ ಮಕ್ಕಳು ನನ್ನ ಮುಂದೆ ಸಾಲು ನಿಂತು ಪುಸ್ತಕ ಹುಡುಕಿದರು. ಸಣ್ಣ ಬೆರಳುಗಳು, ಬಿಸ್ಕತ್ತಿನ ಪುಡಿ, ಗದ್ದಲ. ಆ ಕಾಲ ಚೆನ್ನಾಗಿಯೇ ಇತ್ತು. ಆದರೆ ಒಂದು ಬೇಸಿಗೆಯಲ್ಲಿ ನನ್ನೊಳಗೆ ಏನೋ ಸುಟ್ಟ ವಾಸನೆ ಬಂತು. ರಿಪೇರಿಯವನು ತಲೆಯಾಡಿಸಿದ. ನನ್ನನ್ನು ಮುರಿದ ಬೆಂಚುಗಳ ಕೋಣೆಗೆ ಹಾಕಿದರು. ಅಲ್ಲಿಂದ ಗುಜರಿಯವನ ಕೂಗು ಕೇಳುತ್ತದೆ. ಪ್ರತಿ ಸಲ ಅದು ಹತ್ತಿರ ಬಂದು, ಗೇಟಿನ ಮುಂದೆ ನಿಂತು, ದೂರವಾಗುತ್ತದೆ.

ನಿನ್ನೆ ದಾಕ್ಷಾಯಣಿ ಬಾಗಿಲು ತೆರೆದು ಬಂದಳು. ಅವಳ ಕಿವಿಯ ಪಕ್ಕ ಒಂದೆರಡು ಬಿಳಿ ಕೂದಲು. ನನ್ನ ಪರದೆಯ ಧೂಳು ಒರೆಸಿ, ಹಿಂದಿನ ವೈರು ಬಿಚ್ಚಿ, ಜೊತೆಗಿದ್ದ ಜವಾನನಿಗೆ ಹೇಳಿದಳು: "ಹೆಡ್‌ಮಾಸ್ತರನ್ನ ಕೇಳೀನಿ, ಒಯ್ಯಿ ಅಂದಾರ. ನಮ್ಮತ್ತಿಗೆ ಕಣ್ಣು ಮಂದ ಆಗ್ಯಾವು. ಲ್ಯಾಪ್‌ಟಾಪಿನಾಗ ದೊಡ್ಡ ಮಗನ ಮಕ್ಕಳ ಮಾರಿ ವಿಡಿಯೋ ಕಾಲಿನಾಗ ಸಣ್ಣಾಗಿ ಕಾಣ್ತಾವು ಅಂತ ಸಿಟ್ಟಾಗ್ತಾರ. ಅದಕ್ಕ ಈ ಪರದೆ ಜೋಡಿಸಿ ಕೊಡ್ತೀನಿ."

ಪರದೆಯನ್ನು ಎದೆಗೆ ಅಪ್ಪಿಕೊಂಡು ಅವಳು ಹೋದಳು. ಹಲಗೆ, ಫ್ಯಾನು ಇರುವ ಪೆಟ್ಟಿಗೆ ಇಲ್ಲೇ ಉಳಿದಿದೆ. ನಾನು ಎನ್ನುವುದು ಈಗ ಯಾವುದು, ಹೋದದ್ದೋ ಉಳಿದದ್ದೋ, ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಗುಜರಿಯವನ ಕೂಗು ಮತ್ತೆ ರಸ್ತೆಯ ತಿರುವಿನಲ್ಲಿ ಕೇಳುತ್ತಿದೆ. ಬೆಟಗೇರಿಯ ಆ ಮನೆಯಲ್ಲಿ ಈ ಹೊತ್ತಿಗೆ ಯಾರೋ ಗುಂಡಿ ಒತ್ತಿರಬೇಕು. ಒಬ್ಬ ಮುದುಕಿ ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಮಕ್ಕಳ ಹೆಸರು ಹಿಡಿದು ಕರೆಯುತ್ತಿರಬೇಕು.