ಕ್ಯಾಮೆರಾಕ್ಕೆ ಹೊಲಿದ ಗವಸು

ಪೇದೆ ದಿಲೀಪನಿಗೆ ಕಳ್ಳರಿಗಿಂತ ಧೂಳಿನ ಮೇಲೆ ಸಿಟ್ಟು ಹೆಚ್ಚು. ಅವನ ಮನೆಯಲ್ಲಿ ಟಿವಿಗೊಂದು ಗವಸು, ಮಿಕ್ಸಿಗೊಂದು ಗವಸು, ರಿಮೋಟಿಗೂ ಪುಟ್ಟದೊಂದು. ಎಲ್ಲವನ್ನೂ ಹೊಲಿದುಕೊಟ್ಟವಳು ಹುಮನಾಬಾದಿನ ಕಾಳಿನ ಮಾರುಕಟ್ಟೆಯ ಗೋಡೆ ಪಕ್ಕ ಮಿಷನ್ ಹಾಕಿಕೊಂಡು ಕೂರುವ ಪೂನಂ. ಹೀಗಾಗಿ ಇಲಾಖೆ ಎದೆಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾ ಕೊಟ್ಟಾಗಲೂ ಅವನು ನೆಟ್ಟಗೆ ಅವಳ ಹತ್ತಿರವೇ ಬಂದ.

"ಇದಕ್ಕೂ ಒಂದು ಗಲೀಫ ಹಾಕು ತಂಗಿ. ಧೂಳು ಹೊಕ್ಕು ಕೆಟ್ಟರ ನನ್ನ ಪಗಾರದಾಗ ಹಿಡೀತಾರ."

ಪೂನಂ ಕತ್ತು ಎತ್ತದೆ ಕೇಳಿದಳು, "ಕಣ್ಣಿನ ಜಾಗಕ್ಕ ತೂತು ಬಿಡ್ಲೇನ್ರಿ?"

"ಬ್ಯಾಡ, ಅಲ್ಲಿಂದನ ಧೂಳು ಒಳಗ ಹೋಗ್ತದ. ಸಾಹೇಬ್ರು ಬಂದಾಗ ತಗೀತೀನಿ."

ಯಾರದೋ ಮದುವೆ ರವಿಕೆಯಲ್ಲಿ ಉಳಿದ ಕೆಂಪು ಮಖಮಲ್ಲಿನಲ್ಲಿ ಅವಳು ಹೊಲಿದುಕೊಟ್ಟಳು. ದಿಲೀಪ ಅದನ್ನು ಪದಕದಂತೆ ಎದೆಗೆ ಹಾಕಿಕೊಂಡು ಹೋದ.

ಮುಂದಿನ ಸೋಮವಾರ ಅದೇ ದಿಲೀಪ ಅವಳ ಅಣ್ಣ ಕಪಿಲನನ್ನು ಹಿಡಿದು ಹೆದ್ದಾರಿ ಪಕ್ಕದ ಪೊಲೀಸ್ ಚೌಕಿಯಲ್ಲಿ ಕೂರಿಸಿದ. ಕಪಿಲ ಬಸವಕಲ್ಯಾಣಕ್ಕೆ ಟಂಟಂ ಆಟೋ ಓಡಿಸುತ್ತಿದ್ದ. ಪೊಲೀಸನ ಮೇಲೆ ಕೈಮಾಡಿದ ಎಂಬುದು ದೂರು. ಕೇಸು ದಾಖಲಾದರೆ ಜೈಲು. ಆಟೋ ಅಲ್ಲೇ ಬಿಸಿಲಿಗೆ ನಿಂತು ತುಕ್ಕು ಹಿಡಿಯುತ್ತದೆ.

ಸುದ್ದಿ ಕೇಳಿ ಪೂನಂ ಕೈಯಲ್ಲಿದ್ದ ಬಟ್ಟೆಯನ್ನು ಸೂಜಿಯಲ್ಲೇ ಬಿಟ್ಟು ಓಡಿದಳು. ಚೌಕಿಯ ಬಾಗಿಲಲ್ಲಿ ಕಾಲುಗಳು ನಿಂತುಬಿಟ್ಟವು. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೂ ತಿರುಗಿ ಕೇಳದ ಹುಡುಗಿ ಅವಳು. ಒಳಗೆ ಕಪಿಲ ಬೆಂಚಿನ ಮೇಲೆ ಕೂತಿದ್ದ. ಎಡಗೆನ್ನೆ ಕೆಂಪಗೆ ಊದಿತ್ತು.

ಮೇಜಿನ ಹಿಂದಿದ್ದ ಹೊಸ ಪಿಎಸ್‌ಐ ಗಜಾಲಾ ಮೇಡಂ ಆ ಕೆನ್ನೆಯನ್ನೇ ನೋಡುತ್ತಿದ್ದರು. "ಅವ ಹೊಡೆದ ಅಂತೀರಿ, ಬಾವು ಬಂದದ್ದು ಅವನ ಗಲ್ಲಕ್ಕ. ರೆಕಾರ್ಡ್ ಎಲ್ಲದ ದಿಲೀಪ?"

"ಏನೂ ಬಂದಿಲ್ರಿ ಮೇಡಂ. ಗಲೀಫ ಹಾಕಿತ್ತು."

"ಗಲೀಫ?"

ದಿಲೀಪ ಎದೆಯುಬ್ಬಿಸಿ ತೋರಿಸಿದ. ಮೇಡಂ ಮಖಮಲ್ಲನ್ನು ಒಮ್ಮೆ, ಅವನನ್ನು ಒಮ್ಮೆ ನೋಡಿದರು. "ಹಂಗಾದ್ರ ನಿಮ್ಮ ಮಾತೇ ಸಾಕ್ಷಿ," ಎಂದು ಪೆನ್ನು ಕೈಗೆತ್ತಿಕೊಂಡರು.

ಆ ಪೆನ್ನು ಕಾಗದಕ್ಕೆ ತಾಗುವುದನ್ನು ನೋಡಲಾರದೆ ಪೂನಂ ಬಾಯಿ ತೆರೆದಳು.

"ಮೇಡಂ... ಬಟ್ಟಿ ಮಾತು ತಡೀತದೇನ್ರಿ?"

ಎಲ್ಲರೂ ತಿರುಗಿ ನೋಡಿದರು. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗಜಾಲಾ ಮೇಡಂ ಪೆನ್ನು ಕೆಳಗಿಟ್ಟು, ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸಿದರು.

ಪರದೆಯ ತುಂಬ ಕೆಂಪು ಕತ್ತಲೆ. ಆದರೆ ದನಿ ಕನ್ನಡಿಯಷ್ಟು ಸ್ವಚ್ಛ. ಮೊದಲು ದಿಲೀಪ ಶೇಂಗಾ ಜಗಿಯುವ ಸದ್ದು. ಆಮೇಲೆ ಫೋನಿನಲ್ಲಿ ಹೆಂಡತಿಗೆ, "ಹೂಂ... ಹೂಂ... ತಪ್ಪಾಯ್ತು, ಇನ್ನ ಬದನಿಕಾಯಿ ತರಂಗಿಲ್ಲ." ಇನ್ನೊಬ್ಬ ಪೇದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ, ಅವನ ಹೆಗಲು ಕುಣಿಯುತ್ತಿತ್ತು.

ಮುಂದೆ ಆಟೋ ನಿಂತ ಸದ್ದು, ದಿಲೀಪ ಗದರುವ ದನಿ.

"ಏ, ಇವರನ್ನ ಇಳಿಸು. ನಮ್ಮ ಮಂದಿನ ಕಲ್ಯಾಣಕ್ಕ ಬಿಟ್ಟು ಬಾ."

"ಗಾಡ್ಯಾಗ ಬಾಣಂತಿ ಅದಾಳ್ರಿ ಸಾಹೇಬ್ರ. ಅಕಿನ್ನ ಮನಿಗೆ ಮುಟ್ಟಿಸಿ ಬರ್ತೀನಿ." ಹಿಂದೆಯೇ ಒಂದು ಕೂಸಿನ ಅಳು.

"ಎದುರು ಮಾತಾಡ್ತಿ?" ಫಟ್ ಎಂಬ ಸದ್ದು.

"ಯಾಕ ಹೊಡದ್ರಿ ಸಾಹೇಬ್ರ?"

ಕೊನೆಗೆ ದಿಲೀಪ ತನಗೆ ತಾನೇ ಅಂದುಕೊಂಡದ್ದು ಮೆಲ್ಲಗೆ, ಆದರೆ ಸ್ಪಷ್ಟವಾಗಿ ಕೇಳಿತು. "ಅಯ್ಯ, ಕ್ಯಾಮೆರಾ... ಹೋಗ್ಲಿ ಬಿಡು, ಗಲೀಫ ಅದ."

ಕಪಿಲನೇ ಮೊದಲು ನಕ್ಕದ್ದು, ಊದಿದ ಕೆನ್ನೆ ಹಿಡಿದುಕೊಂಡು. ಗೋಡೆಯ ಕಡೆ ತಿರುಗಿದ್ದ ಪೇದೆಗೂ ತಡೆಯಲಾಗಲಿಲ್ಲ. ಗಜಾಲಾ ಮೇಡಂ ನಗು ನುಂಗಿಕೊಂಡು ದೂರಿನ ಹಾಳೆಯನ್ನು ಬದಿಗಿಟ್ಟರು.

"ಈ ರೆಕಾರ್ಡ್ ಮ್ಯಾಲಿನವರಿಗೆ ಹೋಗ್ತದ ದಿಲೀಪ. ಸಂಗಡ ನನ್ನ ರಿಪೋರ್ಟೂ ಹೋಗ್ತದ. ಈಗ ಅವನ ಚಾವಿ ಕೊಡ್ರಿ. ಮಾಫಿ ಕೇಳಿ ಕೊಡ್ರಿ."

ದಿಲೀಪ ನೆಲ ನೋಡುತ್ತ ಚಾವಿ ಚಾಚಿದ. "ತಪ್ಪಾಯ್ತು," ಎಂದ. ಫೋನಿನಲ್ಲಿ ಹೆಂಡತಿಗೆ ಹೇಳಿದ ಅದೇ ದನಿ. ಚೌಕಿ ಮತ್ತೊಮ್ಮೆ ನಕ್ಕಿತು.

ಹೊರಗೆ ಬಂದು ಕಪಿಲ ಆಟೋ ಶುರು ಮಾಡಿದ. "ಏ ಪೂನಂ, ನಿನಗ ಪೊಲೀಸರ ಮುಂದ ದನಿ ಹೊರಡ್ತದ ಅಂತ ನನಗ ಗೊತ್ತೇ ಇರಲಿಲ್ಲ."

"ನನಗೂ ಇರಲಿಲ್ಲ."

"ಹಂಗಾದ್ರ ಇವತ್ತು ಪ್ಯಾಸೆಂಜರಿಗೂ ನೀನೇ ಕೂಗು. ನನ್ನ ಗಲ್ಲ ನೋಯಾಕತ್ತದ."

ಪೂನಂ ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಸೀಟಿನಲ್ಲಿ ಅಣ್ಣನ ಪಕ್ಕ ಕೂತಳು. ಸ್ಟ್ಯಾಂಡಿನ ಹತ್ತಿರ ಜನ ನಿಂತಿದ್ದರು. ಅವಳು ಒಮ್ಮೆ ಗಂಟಲು ಸರಿಮಾಡಿಕೊಂಡಳು. ಆಮೇಲೆ ತಲೆ ಹೊರಗೆ ಚಾಚಿ, ರಸ್ತೆಯಾಚೆಯ ಚಹಾದಂಗಡಿಗೂ ಕೇಳುವಂತೆ ಕೂಗಿದಳು, "ಕಲ್ಯಾಣ, ಕಲ್ಯಾಣ, ಬರ್ರಿ ಬರ್ರಿ, ಜಾಗ ಅದ."