ಮೊದಲೇ ಬರುತ್ತಿದ್ದ ನಗು

ಅನಂತಪುರದ ಕೈಗಾರಿಕಾ ಎಸ್ಟೇಟಿನಲ್ಲಿ ಮುಚ್ಚಿಹೋದ ಪ್ಲೈವುಡ್ ಶೆಡ್ಡೊಂದರೊಳಗೆ ನೈಟ್‌ಕ್ಲಬ್ಬಿನ ಸೆಟ್ ಎದ್ದಿತ್ತು. ಮೇಲೆ ಕನ್ನಡಿಯ ಗುಂಡು ತಿರುಗುತ್ತಿತ್ತು, ಮದ್ಯದ ಬಾಟಲಿಗಳಲ್ಲಿ ಹಾಲಿಲ್ಲದ ಕಟ್ಟನ್ ಚಹಾ ತುಂಬಿತ್ತು. ಅಲ್ಲಿ ಚಿತ್ರೀಕರಿಸುತ್ತಿದ್ದ ಟಿವಿಯ ಹಾಸ್ಯ ಧಾರಾವಾಹಿಯಲ್ಲಿ ಕ್ಲಬ್ಬಿನ ಕಾವಲುಗಾರನಾಗಿದ್ದವನು ಬೋವಿಕಾನದ ನಾಟಕದ ಹಾಸ್ಯಗಾರ ಗುಣಪಾಲ. ಅವನಾಗಲಿ, ಸೆಟ್ ಕಟ್ಟಿದವರಾಗಲಿ ನೈಟ್‌ಕ್ಲಬ್ ಕಂಡವರಲ್ಲ. ಮೊದಲ ದಿನ ಅವನು ಊರಿನ ಸರೋವರದ ನಡುವಿನ ದೇವಸ್ಥಾನದಿಂದ ಪ್ರಸಾದ ತಂದು, ಚಪ್ಪಲಿ ಕಳಚಿ, ಹೊಸಿಲು ಮುಟ್ಟಿ ನಮಸ್ಕರಿಸಿ ಒಳಗೆ ಕಾಲಿಟ್ಟ. ನಿರ್ದೇಶಕ ಪ್ರವೀತ್ ಅದನ್ನೂ ಕತೆಗೆ ಸೇರಿಸಿಕೊಂಡ.

ನಗುವುದಕ್ಕೆಂದು ಊರಿನ ಹೆಂಗಸರನ್ನು ಕರೆಸಿ ಬೆಂಚುಗಳಲ್ಲಿ ಕೂರಿಸುತ್ತಿದ್ದರು. ಎಡಗಡೆಯ ಮೂಲೆಯಲ್ಲಿ ಗುಣಪಾಲನ ಹೆಂಡತಿ ದಮಯಂತಿ. ಮನೆಯಲ್ಲಿ ಬೀಡಿ ಕಟ್ಟುತ್ತ ಗಂಡನ ಮಾತಿನ ಅಭ್ಯಾಸವನ್ನೆಲ್ಲ ಕೇಳಿದವಳು; ಮಾತು ಅವನ ಬಾಯಿಗೆ ಬರುವ ಮೊದಲೇ ನಕ್ಕುಬಿಡುತ್ತಿದ್ದಳು.

"ಅಕ್ಕಾ, ಜೋಕ್ ಮುಗಿದ ಮೇಲೆ ನಗಬೇಕು," ಎಂದ ಧ್ವನಿ ನೋಡಿಕೊಳ್ಳುತ್ತಿದ್ದ ಲತೇಶ್.

"ಮುಗಿದ ಮೇಲೆ ಎಲ್ಲರೂ ನಗ್ತಾರೆ ಮಾರಾಯ."

"ಮದುವೆಯಲ್ಲೂ ಇವಳು ಹಾಗೆಯೇ," ಎಂದ ಗುಣಪಾಲ. "ನನ್ನ ಮುಖ ನೋಡುವ ಮೊದಲೇ ನಕ್ಕಿದ್ದಳು."

"ನೋಡಿದ ಮೇಲೆ ನಗು ಬರ್ಲಿಕ್ಕುಂಟಾ?"

ಸೆಟ್ಟಿನಲ್ಲಿ ಅವಳ ಆ ನಗು ಕೇಳಿದ ಮೇಲೆಯೇ ಅವನು ಜೋಕಿನ ಕೊನೆಯ ಮಾತು ಬಿಡುತ್ತಿದ್ದ.

ಒಂದು ಬೆಳಿಗ್ಗೆ ದಮಯಂತಿ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆ ಮುಟ್ಟಲಿಲ್ಲ. ಬೊಜ್ಜದ ಉತ್ತರಕ್ರಿಯೆ ಕಳೆದ ಮೇಲೆ ಗುಣಪಾಲ ಸೆಟ್ಟಿಗೆ ಬಂದ. ಮಾತು ಬಾಯಿಪಾಠವಿತ್ತು, ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ. ಬೆಂಚಿನ ಹೆಂಗಸರು ನಗಲು ಮನಸ್ಸಾಗದೆ ಸೆರಗನ್ನು ಬಾಯಿಗಿಟ್ಟು ಕುಳಿತರು. ಸ್ವಲ್ಪದರಲ್ಲೇ ಚಾನೆಲ್ಲಿನವರು ಧಾರಾವಾಹಿ ನಿಲ್ಲಿಸಿದರು.

ಸೆಟ್ ಬಿಚ್ಚುವ ದಿನ ಅವನು ಲತೇಶನ ಬಳಿ ಬಂದು ನಿಂತ. ಮನೆಯಲ್ಲಿ ಅವಳ ಫೋಟೋ ಇತ್ತು. ನಗು ಎಲ್ಲಿಯೂ ಇರಲಿಲ್ಲ.

"ಅವಳ ನಗು ನಿನ್ನ ಹತ್ರ ಉಂಟಲ್ಲ? ಒಮ್ಮೆ ಕೇಳಿಸು. ಮತ್ತೆ ಎಂತದೂ ಬೇಡ."

ಲತೇಶ್ ಸುತ್ತುತ್ತಿದ್ದ ವಯರನ್ನು ಕೆಳಗಿಟ್ಟ. "ಅದೆಲ್ಲ ಅಳಿಸಿ ಆಯ್ತು ಅಣ್ಣ. ಮೊದಲೇ ಬರ್ತಿತ್ತಲ್ಲ... ತಪ್ಪು ಅಂತ ತೆಗೆದದ್ದು."

ಆದರೂ ಕಂಪ್ಯೂಟರಿನಲ್ಲಿ ಒಂದು ಕಂತು ಹಾಕಿದ. ಕಾವಲುಗಾರ ಮಾತಾಡುತ್ತ ಬಂದವನು ಕೊನೆಯ ಮಾತಿಗೆ ಮೊದಲು ತಟ್ಟನೆ ನಿಂತ. ತಲೆ ತುಸು ಎಡಕ್ಕೆ ಓರೆಯಾಯಿತು. ಏನೂ ಕೇಳಿಸಲಿಲ್ಲ. ಅವನ ಮುಖ ಮಾತ್ರ ಅರಳಿತು. ಆಮೇಲೆ ಮಾತು ಬಿತ್ತು; ಎಲ್ಲರೂ ನಕ್ಕರು.

"ಇದು ನಿಮ್ಮ ಸ್ಟೈಲ್ ಅಂತ ಎಣಿಸಿದ್ದೆವು," ಎಂದ ಲತೇಶ್ ಮೆಲ್ಲಗೆ.

"ಇನ್ನೊಮ್ಮೆ ಹಾಕು."

ಮಧ್ಯಾಹ್ನ ಅವನು ಸರೋವರದ ದೇವಸ್ಥಾನಕ್ಕೆ ನಡೆದ. ನೈವೇದ್ಯಕ್ಕೆಂದು ಗರ್ಭಗುಡಿಯ ಬಾಗಿಲು ಹಾಕಿತ್ತು. ದೇವರು ಉಣ್ಣುವ ಹೊತ್ತು. ಹೊರಗಿನವರು ಮಾತಾಡದೆ ಕಾಯುತ್ತಾರೆ. ಕಾಣಿಸುವುದಿಲ್ಲವೆಂದು ಯಾರೂ ಎದ್ದು ಹೋಗುವುದಿಲ್ಲ. ಗುಣಪಾಲನೂ ಕೈಮುಗಿದು ನಿಂತ, ತಲೆಯನ್ನು ತುಸು ಎಡಕ್ಕೆ ಓರೆ ಮಾಡಿಕೊಂಡು.

ಗಂಟೆ ಮೊಳಗಿ ಬಾಗಿಲು ತೆರೆಯಿತು. ಉಳಿದವರು ಮುಂದಕ್ಕೆ ಸರಿದರು. ಅವನು ಇನ್ನೂ ಕಿವಿಗೊಟ್ಟು ನಿಂತೇ ಇದ್ದ.