ಹರಿಸಿ ನೋಡುವ ಚಾಳಿ

ಈ ಪ್ಲಂಬರ್ ಬಿಡಿಸದ ಪೈಪಿಲ್ಲ ಎಂದು ಬಡಾವಣೆಯವರೆಲ್ಲ ಹೇಳುತ್ತಿದ್ದರು. ಅವರಿಗೆ ಹಾಗೆ ಹೇಳಿಕೊಟ್ಟವನು ಪ್ಲಂಬರನೇ. ಒಂದು ಪೈಪಿನಿಂದ ಛತ್ರಿ ಎಳೆದೆ, ಅದೂ ಬಿಚ್ಚಿದ ಛತ್ರಿ, ಎನ್ನುತ್ತಿದ್ದ. ಇನ್ನೊಂದರಿಂದ ಹೊಲಿಗೆ ಮೆಷಿನ್ನು. ಎಣ್ಣೆ ಬಿಟ್ಟರೆ ಚೆನ್ನಾಗಿಯೇ ಹೊಲಿಯಿತಂತೆ.

ಅಂಥವನು ಪೈಪಿನ ಕಸ ಕರಗಿಸುವ ದ್ರಾವಣವನ್ನು ನೀರಿನ ಬಾಟಲಿಗೆ ಸುರಿದು ಅಡುಗೆಮನೆ ಕಟ್ಟೆಯ ಮೇಲಿಟ್ಟ. ನಾಲ್ಕು ವರ್ಷದ ಮಗಳು, ಎಲ್ಲರ ಬಾಯಲ್ಲಿ ಗುಬ್ಬಿ, ಬಾಯಾರಿ ಒಂದು ಗುಟುಕು ಕುಡಿದಳು.

ಜೀವ ಉಳಿಯಿತು. ಸುಟ್ಟ ಅನ್ನನಾಳ ಮಾತ್ರ ಮಾಯುತ್ತ ಮಾಯುತ್ತ ಕುಗ್ಗಿ ದಾರದಷ್ಟಾಯಿತು. ಡಾಕ್ಟರಮ್ಮ ಬಲೂನು ಇಳಿಸಿ ಹಿಗ್ಗಿಸುವುದು, ಅದು ಮತ್ತೆ ಮುಚ್ಚಿಕೊಳ್ಳುವುದು, ಇದರಲ್ಲೇ ವರ್ಷ ಕಳೆಯಿತು. ಗುಬ್ಬಿ ತನ್ನ ಜೊಲ್ಲನ್ನೂ ನುಂಗಲಾರದೆ ತೋಳಿಗೆ ಒರೆಸಿಕೊಳ್ಳುತ್ತಿದ್ದಳು. ಕೊನೆಗೆ ಸ್ಟೆಂಟ್ ಹಾಕಿದರು. ಬಲೆಯಂಥ ಸಣ್ಣ ಕೊಳವೆ. ಒಳಗೆ ಕೂತು ದಾರಿಯನ್ನು ತೆರೆದು ಹಿಡಿಯುತ್ತದೆ.

"ಕೆಲವು ವಾರ ಇದು ಕದಲಬಾರದು. ಬರೀ ತೆಳ್ಳಗಿರೋದು ಕೊಡಿ, ಗಟ್ಟಿ ಏನೂ ಬೇಡ," ಎಂದರು ಡಾಕ್ಟರಮ್ಮ. "ಇದು ಅಲ್ಲೇ ನಿಂತ್ರೆ ಊಟ ಮಾಡ್ತಾಳೆ. ಇಲ್ಲಾಂದ್ರೆ ಎದೆ ಕೊಯ್ದು ಹೊಸ ನಾಳ ಮಾಡ್ಬೇಕು."

"ನಮ್ಮ ಲೈನಿನ ಕೆಲಸಾನೇ ಬಿಡಿ," ಎಂದ ಪ್ಲಂಬರ್.

"ಮೊದ್ಲು ನಿಮ್ಮ ಬಾಯಿಗೊಂದು ಬಿರಡೆ ಹಾಕ್ಕೊಳ್ರೀ," ಎಂದಳು ಹೆಂಡತಿ.

ಮನೆಯಲ್ಲಿ ಹಾಲು ಸಲೀಸಾಗಿ ಇಳಿಯಿತು. ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ ಪ್ಲಂಬರನ ಕೈ ಸುಮ್ಮನಿರಲಿಲ್ಲ. ಬ್ರೆಡ್ಡಿನ ಚೂರೊಂದನ್ನು ಹಾಲಿಗೆ ಅದ್ದಿ, "ನಿಧಾನಕ್ಕೆ ಪುಟ್ಟಿ," ಎಂದು ಮಗಳ ಬಾಯಿಗಿಟ್ಟ. ಇಳಿಯಿತು. ಇನ್ನೊಂದು, ಸ್ವಲ್ಪ ದೊಡ್ಡದು. ಅದು ಎದೆಯಲ್ಲಿ ಸಿಕ್ಕಿಕೊಂಡಿತು. ಓಕರಿಸಿ ಓಕರಿಸಿ ಗುಬ್ಬಿಯ ಮುಖ ಕಪ್ಪಿಟ್ಟಿತು, ಆಮೇಲೆ ಕಾರಿಕೊಂಡಳು. ಹೆಂಡತಿ ಇಳಿದು ಬರುವಷ್ಟರಲ್ಲಿ ಅವನು ನೆಲ ಒರೆಸಿಯಾಗಿತ್ತು.

ಸಂಜೆಗೆ ಹಾಲೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಸ್ಟೆಂಟ್ ಜಾರಿ ಹೊಟ್ಟೆ ಸೇರಿತ್ತು.

"ಏನು ಕೊಟ್ರಿ?"

"ಹಾಲು ಬಿಟ್ರೆ ಏನೂ ಇಲ್ಲ ಡಾಕ್ಟ್ರೇ, ನನ್ನಾಣೆ," ಎಂದಳು ಹೆಂಡತಿ.

"ಹಾಗಿದ್ರೆ ಅಳತೆ ಸಣ್ಣದಾಯ್ತು. ದಪ್ಪದ್ದು ಹಾಕ್ಬೇಕು. ಅದಕ್ಕೆ ನಾಳ ಹರಿದುಹೋಗೋ ಭಯ ಇದೆ, ಏನ್ಮಾಡೋದು."

ಪ್ಲಂಬರ್ ಗೋಡೆ ನೋಡಿದ.

"ಅಳತೆ ಸರಿಯಾಗಿತ್ತು," ಎಂದ. "ನಾನು ಬ್ರೆಡ್ ಕೊಟ್ಟೆ. ಕಾರಿಕೊಂಡ್ಳು."

"ಬೇಡ ಅಂತ ಹೇಳಿದ್ನಲ್ಲಪ್ಪ?"

"ಪೈಪ್ ಬಿಡಿಸಿದ್ಮೇಲೆ ಏನಾದ್ರೂ ಹರಿಸಿ ನೋಡ್ದೆ ನಾವು ಎದ್ದು ಬರಲ್ಲ, ಡಾಕ್ಟ್ರೇ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಜಾರಿದ್ದನ್ನು ಹೊರತೆಗೆದರು. ಓಕರಿಸಿದ ರಭಸಕ್ಕೆ ನಾಳ ಸೀಳಿತ್ತು, ಮತ್ತೊಂದು ಸ್ಟೆಂಟ್ ಕೂರಿಸುವ ಹಾಗಿರಲಿಲ್ಲ. ಎದೆ ಕೊಯ್ಯುವಷ್ಟು ಮೈ ಹಿಡಿಯುವವರೆಗೆ ಇರಲಿ ಎಂದು ಹೊಟ್ಟೆಗೇ ತೂತು ಮಾಡಿ ನಳಿಕೆ ಇಟ್ಟರು.

ವಾರ್ಡಿನಲ್ಲಿ ಹೆಂಡತಿ ಸಿರಿಂಜಿನಿಂದ ನಳಿಕೆಗೆ ಹಾಲು ಬಿಡುತ್ತಿದ್ದಳು. ಪ್ಲಂಬರ್ ಮಂಚದ ಕಾಲ ಹತ್ತಿರ ನಿಂತಿದ್ದ.

"ಅಪ್ಪ ಹಾಕ್ಲಿ," ಎಂದಳು ಗುಬ್ಬಿ.

ಅವನು ಕೈ ಚಾಚಿದ. ಹೆಂಡತಿ ತಲೆಯೆತ್ತಲಿಲ್ಲ, ಸಿರಿಂಜನ್ನೂ ಬಿಡಲಿಲ್ಲ. ಚಾಚಿದ ಕೈ ಅಲ್ಲೇ ಇತ್ತು, ಹಾಲು ಮುಗಿಯಿತು.